ಎರಡನೆಯ ಮೂಲ

ಒಂಬತ್ತೂ ಹತ್ತರ ಲಾಂಚು ತಪ್ಪಿದರೆ
ಮೊದಲ ಪೀರಿಯಡ್ಡು ನೀರಿಗೆ ಬಿದ್ದಂತೆಯೇ.
ಜೀಪು, ಹಾಲಿನ ಕ್ಯಾನು, ಮೂರು ಬೈಕು,
ಹೂವಿನ ಬುಟ್ಟಿ ಹಿಡಿದ ಒಂದು ದಿಬ್ಬಣ,
ಇವುಗಳ ನಡುವೆ
ಚೀಲದಲ್ಲಿ ಕಂಪಾಸು, ಲಿಟ್ಮಸ್ ಕಾಗದ,
ಹದಿನಾರು ಪುಟದ ಪಾಸಿಂಗ್ ಪ್ಯಾಕೇಜು ಹೊತ್ತು
ನಾನು ನಿಂತೇ ದಾಟುತ್ತೇನೆ.
ಹರಪನಹಳ್ಳಿ ಕಡೆಯವನು. ಈಜು ಬಾರದು.

ಕರೂರು ಹೋಬಳಿಯ ಹತ್ತನೇ ತರಗತಿ, ಇಪ್ಪತ್ತಮೂರು ಮಕ್ಕಳು;
ಗಣಿತಕ್ಕೂ ವಿಜ್ಞಾನಕ್ಕೂ ನಾನೊಬ್ಬನೇ.
ಬೆಳಿಗ್ಗೆ ಮೆಗ್ನೀಸಿಯಮ್ಮನ್ನು ಆಕ್ಸಿಜನ್ನಿನೊಡನೆ ಸರಿದೂಗಿಸಿದ ಕೈಯೇ
ಮಧ್ಯಾಹ್ನ ಕಪ್ಪೆಯ ಎದೆಯೊಳಗೆ
ಮೂರು ಕೋಣೆ ಕಟ್ಟುತ್ತದೆ.

ಆ ದಿನ ಬೋರ್ಡಿನ ಮೇಲೆ ಒಂದು ದೋಣಿ.
ನಿಶ್ಚಲ ನೀರಿನಲ್ಲಿ ಅದರ ಜವ ಗಂಟೆಗೆ ಹದಿನೈದು ಕಿಲೋಮೀಟರು.
ಹೊಳೆ ಹರಿದತ್ತ ಮೂವತ್ತು ಹೋಗಿ
ಹೊಳೆಗೆ ಎದುರಾಗಿ ಮೂವತ್ತು ಬರಲು
ಒಟ್ಟು ನಾಲ್ಕೂವರೆ ಗಂಟೆ.
ಹಾಗಾದರೆ ಹೊಳೆಯ ಜವ ಎಷ್ಟು?

ಎಕ್ಸ್ ವರ್ಗ ಇಪ್ಪತ್ತೈದು.
ಮೂಲಗಳು ಎರಡು: ಐದು, ಮೈನಸ್ ಐದು.
"ಜವ ಋಣವಾಗಲಾರದು,
ಆದ್ದರಿಂದ ಮೈನಸ್ ಐದನ್ನು ತಿರಸ್ಕರಿಸಿದೆ"
ಎಂದು ಹನ್ನೊಂದು ವರ್ಷದಿಂದ ಹೇಳುತ್ತ ಬಂದದ್ದನ್ನು
ಅದೇ ರಾಗದಲ್ಲಿ ಹೇಳಿ
ಡಸ್ಟರಿನ ಮೂಲೆಯಿಂದ ಒರೆಸಿದೆ.
ಆ ವಾಕ್ಯಕ್ಕೆ ಅರ್ಧ ಅಂಕ ಇದೆ, ಬಿಡಬೇಡಿ.

ಕೊನೆಯ ಬೆಂಚಿನ ಭೂಮಿಕಾ,
ಲಾಂಚಿನ ಹಗ್ಗ ಬಿಗಿಯುವ ಗುತ್ಯಪ್ಪನ ಮಗಳು,
ಕೈ ಎತ್ತದೆಯೇ ಕೇಳಿದಳು:
"ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ಇದೆ ಅಂದಿದ್ರಿ ಸರ್, ಹೋದ್ವರ್ಷ.
ನಮ್ಮಜ್ಜಿ ಹೇಳ್ತದೆ,
ಡ್ಯಾಮು ಕಟ್ಟಿದಾಗ ನೀರು ಹಿಂದಕ್ಕೆ ಬಂತಂತೆ.
ಮೊದಲು ಗದ್ದೆಗೆ, ಆಮೇಲೆ ಕಣಕ್ಕೆ,
ನಾಕನೇ ದಿನ ಒಲೆಗೆ.
ಅದು ಮೈನಸ್ ಅಲ್ವಾ?"

ಯಾರೂ ನಗಲಿಲ್ಲ.
ಒರೆಸಿದ ಜಾಗದಲ್ಲಿ ಐದು ಇನ್ನೂ ಮಸುಕಾಗಿ ಕಾಣುತ್ತಿತ್ತು,
ಅದರ ಹಿಂದಿನ ಗೀಟೂ.
ತಿರಸ್ಕರಿಸಿದ ಮೂಲ ಆಮೇಲೆ ಎಲ್ಲಿಗೆ ಹೋಗುತ್ತದೆ?
ಬಿ.ಎಡ್. ಓದುವಾಗ ಯಾರೂ ಕೇಳಲಿಲ್ಲ,
ನಾನೂ ಕೇಳಲಿಲ್ಲ.
"ಪರೀಕ್ಷೇಲಿ ಐದು ಅಂತಲೇ ಬರಿ," ಅಂದೆ,
"ಮಿಕ್ಕಿದ್ದು ಆಮೇಲೆ."

ಆಮೇಲೆ ಎಂಬುದು ಮೇಷ್ಟರುಗಳ ಹಿನ್ನೀರು;
ಎಷ್ಟು ಮುಳುಗಿಸಿದರೂ ತುಂಬುವುದಿಲ್ಲ.

ಮೇ ತಿಂಗಳು. ರಿಸಲ್ಟು ಬಂದಿತ್ತು.
ನೀರು ಇಳಿದು ಇಳಿದು
ಕಪ್ಪು ಬೊಡ್ಡೆಗಳೆದ್ದಿದ್ದವು, ಹಳೇ ರಸ್ತೆ ಬೆನ್ನು ತೋರಿಸಿತ್ತು.
ಟಿ.ಸಿ. ಒಯ್ಯಲು ಬಂದವಳು
ಗಣಿತದ ಅಂಕದ ಮಾತೇ ಎತ್ತದೆ
"ಟೇಪು ತಗೊಳ್ಳಿ ಸರ್, ಹೊಳೆ ಕಾಣ್ತಿದೆ," ಅಂದಳು.

ಬಿರಿದ ಕೆಸರಿನ ಮೇಲೆ ಮುಕ್ಕಾಲು ಗಂಟೆ ನಡೆದೆವು,
ಅವಳು, ಮುಬೀನಾ, ಚಪ್ಪಲಿ ಕೈಯಲ್ಲಿ ಹಿಡಿದ ನಾನು.
ಒಂದು ಮೋರಿ, ಕಮಾನು ಕೆಡದ ಹಾಗೇ ಇತ್ತು.
ಅದರಡಿ ಮೊಣಕಾಲಿಗೂ ಬಾರದ ನೀರು
ತನ್ನ ಪಾಡಿಗೆ
ಪಡುವಣಕ್ಕೆ ಹರಿಯುತ್ತಿತ್ತು.

ಹತ್ತು ಮೀಟರು ಅಳೆದು ಎರಡು ಕೋಲು ನೆಟ್ಟೆವು.
ಒಣ ಎಲೆ ಬಿಟ್ಟೆವು.
ಮೊದಲನೆಯದಕ್ಕೆ ಐವತ್ತೆರಡು ಸೆಕೆಂಡು.
ಎರಡನೆಯದಕ್ಕೆ ನಲವತ್ತೊಂಬತ್ತು.
ಮೂರನೆಯದು ಅರ್ಧ ದಾರಿಯಲ್ಲಿ
ಯಾರದೋ ಅಡುಗೆಮನೆಯ ಒರಳಿಗೆ ತಾಗಿ
ನಿಂತೇ ಬಿಟ್ಟಿತು.

"ಇದನ್ನ ತಿರಸ್ಕರಿಸಬೇಕಾ ಸರ್?"

ಮುಬೀನಾ ಗಡಿಯಾರ ನಿಲ್ಲಿಸದೆ ನನ್ನನ್ನೇ ನೋಡುತ್ತಿದ್ದಳು.
"ಬೇಡ," ಅಂದೆ. "ಬರ್ಕೋ. ಪಕ್ಕದಲ್ಲಿ ಕಾರಣಾನೂ ಬರಿ."

ಮಂಡಿಯ ಮೇಲೆ ಪಟ್ಟಿ ಇಟ್ಟು,
ಕೆಸರಿನ ಬೆರಳು ಲಂಗಕ್ಕೆ ಒರೆಸಿ,
ಅವಳು ಬರೆದಳು:
ಮೂರನೇ ಸಲ. ತಲುಪಲಿಲ್ಲ.
ಕಾರಣ, ಒರಳು.